ಪಕ್ಕದಂಗಡಿಯ ಸಮಾಧಾನ

ಹೊಟ್ಟೆಕಿಚ್ಚು ದೊಡ್ಡ ದೊಡ್ಡ ವಿಷಯಕ್ಕೇ ಬರುತ್ತದೆ ಅಂದುಕೊಂಡವರು ನನ್ನನ್ನು ನೋಡಿಲ್ಲ. ಎದುರು ಮನೆಯವರ ಕಾರು, ಷಡ್ಡಕನ ಹೊಸ ಮನೆ, ಇವೆಲ್ಲ ನನ್ನನ್ನು ಏನೂ ಮಾಡುವುದಿಲ್ಲ. ನನಗೆ ಉರಿಯುವುದು ಒಬ್ಬ ಹೆಂಗಸು ಬೇರೆಯವರ ಕಣ್ಣೀರು ಒರೆಸುವುದನ್ನು ನೋಡಿದಾಗ. ಇದಕ್ಕಿಂತ ನಾಚಿಕೆಗೇಡಿನ ಹೊಟ್ಟೆಕಿಚ್ಚು ಇರಲಾರದು ಎಂದು ನನಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗುವುದಿಲ್ಲ.

ಸಾಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಪಕ್ಕದ ಮಳಿಗೆಯಲ್ಲಿ ಎಸ್ತೇರಮ್ಮ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ಇಬ್ಬರೂ ಒಂದೇ ಚರ್ಚಿನವರು. ನಮ್ಮ ಪಾದ್ರಿಗಳು, ನಾವು ಅಯ್ಯನವರು ಅನ್ನುತ್ತೇವೆ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರನ್ನೂ ನೋಡಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಮೂರೂ ಊರಿನವರು ಒಂದೆಡೆ ಸೇರುತ್ತೇವೆ. ಆರಾಧನೆ ಮುಗಿದ ಮೇಲೆ ಸಾಕ್ಷಿ. ಅಂದರೆ ಈ ತಿಂಗಳು ಬಸ್ಸಿನಲ್ಲೋ ಅಂಗಡಿಯಲ್ಲೋ ಸಿಕ್ಕ ಯಾರಿಗೆ ದೇವರ ಹೆಸರಿನಲ್ಲಿ ಒಂದು ಧೈರ್ಯದ ಮಾತು ಹೇಳಿದಿರಿ ಎಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ಎಸ್ತೇರಮ್ಮ ಎದ್ದರೆ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತದೆ. ನಾನು ಎದ್ದರೆ ಜನರ ಕಣ್ಣು ಹಿತ್ತಿಲ ಕಡೆ ಹೋಗುತ್ತದೆ, ಪಲಾವಿನ ಪಾತ್ರೆ ಇಳಿಸಿದರೋ ಇಲ್ಲವೋ ಅಂತ.

ಸಿದ್ಧತೆಯಲ್ಲಿ ನಾನೇನೂ ಕಡಿಮೆಯಿಲ್ಲ. ಜ್ವರಕ್ಕೆ ಒಂದು, ಪರೀಕ್ಷೆಗೆ ಒಂದು, ಮದುವೆ ಕೂಡಿಬರದವರಿಗೆ ಒಂದು ಅಂತ ಬೈಬಲಿನ ವಾಕ್ಯಗಳನ್ನು ಬಾಯಿಪಾಠ ಮಾಡಿಟ್ಟಿದ್ದೇನೆ. ಆದರೆ ಜ್ವರ ಬಂದವರು ಕನ್ನಡಕದ ಅಂಗಡಿಗೆ ಯಾಕೆ ಬರುತ್ತಾರೆ? ಬರುವವರದ್ದು ಅಕ್ಷರ ಕಾಣದ ಕಷ್ಟ. ಅದಕ್ಕೇ ಒಂದು ಉಪಾಯ ಮಾಡಿದೆ. ಕಣ್ಣು ಪರೀಕ್ಷೆಗೆ ಓದಿಸುವ ಕಾರ್ಡಿನಲ್ಲಿ ಸಮಾಧಾನದ ಮಾತುಗಳನ್ನೇ ಅಚ್ಚು ಹಾಕಿಸಿದೆ. ಮೇಲೆ ದಪ್ಪಕ್ಷರದಲ್ಲಿ ‘ಭಯಪಡಬೇಡ’. ಕೆಳಗಿಳಿದಂತೆ ಅಕ್ಷರ ಸಣ್ಣದಾಗುತ್ತ ಹೋಗಿ, ಕೊನೆಯ ಸಾಲಿನಲ್ಲಿ ಇರುವೆ ಗಾತ್ರದಲ್ಲಿ ‘ದೇವರು ಜೊತೆಗಿದ್ದಾನೆ’. ಹೀಗೆ ಮಾಡಿದರೆ ದೇವರು ಕಣ್ಣು ನೆಟ್ಟಗಿರುವವರಿಗೆ ಮಾತ್ರ ಕಾಣುತ್ತಾನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೊದಲು ಬಂದವರು ಹೊಸನಗರದ ಕಡೆಯ ಸರೋಜಮ್ಮ. ಕಾರ್ಡು ಹಿಡಿದು ಭಯಪಡಬೇಡ ಎಂದು ಓದಿದರು. ಅದರ ಕೆಳಗಿನದು ಕಾಣಲಿಲ್ಲ. ಕಾರ್ಡು ಕೆಳಗಿಟ್ಟು ನನ್ನ ಮುಖ ನೋಡಿದರು.

“ಯಾಕೆ, ನನ್ನ ಕಣ್ಣು ಅಷ್ಟು ಹಾಳಾಗಿದ್ಯಾ?”

ಪೊರೆ ಬಂದಿರಬಹುದು, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಿದ್ದಂತೆಯೇ ಅವರು ಎದ್ದುಹೋಗಿ ಪಕ್ಕದ ಅಂಗಡಿಯ ಬೆಂಚಿನ ಮೇಲೆ ಕೂತು ಅಳತೊಡಗಿದರು. ಎಸ್ತೇರಮ್ಮ ಮಿಷನ್ ನಿಲ್ಲಿಸಿ ನೀರು ಕೊಟ್ಟಳು. ಸರೋಜಮ್ಮನ ತಾಯಿ ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡಿದ್ದರಂತೆ. ಇದು ನನಗೆ ಗೋಡೆಯ ಈಚೆಗೆ ಕಿವಿಗೊಟ್ಟು ನಿಂತಿದ್ದರಿಂದ ತಿಳಿಯಿತು. ಆಪರೇಷನ್ ದಿನ ತಾನೂ ಬಂದು ಪ್ರಾರ್ಥನೆ ಮಾಡುತ್ತ ಹೊರಗೆ ಕೂತಿರುತ್ತೇನೆ ಎಂದಳು ಎಸ್ತೇರಮ್ಮ. ಅಂದಂತೆ ಅಂಗಡಿ ಮುಚ್ಚಿ ಹೋಗಿ ಕೂತಳು ಕೂಡ. ಒಂದು ವಾಕ್ಯವನ್ನೂ ನೆಟ್ಟಗೆ ಹೇಳಲು ಬಾರದವಳು.

ನನಗೆ ತಡೆಯಲಾಗಲಿಲ್ಲ. ಮರುದಿನ ಅವಳ ಅಂಗಡಿಗೆ ಹೋಗಿ, ನನ್ನ ಗಿರಾಕಿಗೆ ಸಮಾಧಾನ ಹೇಳಲು ನೀನು ಯಾರು ಎಂದು ಕೇಳಿಯೇಬಿಟ್ಟೆ. ಅವಳು ಸೂಜಿಯನ್ನು ಸೀರೆಗೆ ಚುಚ್ಚಿಟ್ಟಳು.

“ಕೂತ್ಕಳಿ ಅಣ್ಣ. ಎಷ್ಟು ದಿನದಿಂದ ಹೀಗೆ?”

ಜಗಳಕ್ಕೆ ಹೋದವನು ಕೂತೆ. ಎಷ್ಟೋ ವರ್ಷದಿಂದ ಒಳಗಿದ್ದದ್ದನ್ನೆಲ್ಲ ಅರ್ಧ ಗಂಟೆ ಹೇಳಿಕೊಂಡೆ. ಎದ್ದು ಬರುವಾಗ ಎದೆ ಹಗುರಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

ಆ ತಿಂಗಳ ಕೂಟ ತೀರ್ಥಹಳ್ಳಿಯಲ್ಲಿ. ಎಸ್ತೇರಮ್ಮ ಎದ್ದಾಗ ಸರೋಜಮ್ಮನ ಕಥೆ ಕೇಳಲು ಹಲ್ಲು ಕಚ್ಚಿ ಕೂತಿದ್ದೆ. ಅವಳು, “ಹೆಸರು ಹೇಳಲ್ಲ. ನಮ್ಮ ಪಕ್ಕದಂಗಡಿ ಅಣ್ಣ ಒಬ್ರು ಹೊಟ್ಟೆಕಿಚ್ಚಿಂದ ತುಂಬಾ ನೊಂದಿದ್ರು” ಎಂದಳು. ಅವಳ ದನಿಯಲ್ಲಿ ಕುಹಕದ ಲವಲೇಶವೂ ಇರಲಿಲ್ಲ, ನಿಜವಾಗಿ ಮರುಗಿಯೇ ಹೇಳಿದಳು. ಮೊದಲು ನನ್ನತ್ತ ತಿರುಗಿದವಳು ನನ್ನ ಹೆಂಡತಿ. ಉಳಿದ ಮೂರೂರಿನವರು ಆಮೇಲೆ ತಿರುಗಿದರು.

ಊಟವಾಗಿ ಕೈ ತೊಳೆಯುವಾಗ ಅಯ್ಯನವರು ತೋಳು ಹಿಡಿದು ಬದಿಗೆ ಕರೆದರು. ಬುದ್ಧಿ ಹೇಳುತ್ತಾರೆಂದು ತಲೆ ತಗ್ಗಿಸಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನನಗೂ ಅದೇ ಕಾಯಿಲೆ ಕಣ್ರೀ. ವಾರವಿಡೀ ಕೂತು ಭಾನುವಾರದ ಆರಾಧನೆಗೆ ಪ್ರಸಂಗ ಬರೀತೀನಿ, ಜನ ಆಕಳಿಸ್ತಾರೆ. ಅವಳು ಎರಡು ಮಾತಾಡಿದ್ರೆ ಅಳ್ತಾರೆ.”

ನನಗೆ ಒಂದು ವಾಕ್ಯವೂ ನೆನಪಾಗಲಿಲ್ಲ. ಹೊಟ್ಟೆಕಿಚ್ಚಿಗೆಂದು ನಾನು ಯಾವುದನ್ನೂ ಬಾಯಿಪಾಠ ಮಾಡಿರಲಿಲ್ಲ. ಸುಮ್ಮನೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ, ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ ಎಂದೆ. ಅವರು ಕಣ್ಣೊರೆಸಿಕೊಂಡು ನನ್ನ ಕೈ ಒತ್ತಿದರು.

ಅಂತೂ ಇಷ್ಟು ವರ್ಷಕ್ಕೆ ನನಗೂ ಒಂದು ಅಪ್ಪಟ ಸಾಕ್ಷಿ ಸಿಕ್ಕಿತು. ಆದರೆ ಹೇಳುವುದು ಹೇಗೆ? ಪ್ರಸಂಗ ಮಾಡುವ ಒಬ್ಬರು ಅಂದರೆ ಸಾಕು, ಮೂರೂರಿಗೂ ಇರುವವರು ಅವರೊಬ್ಬರೇ. ಮುಂದಿನ ಕೂಟದಲ್ಲಿ ಎದ್ದು ನಿಂತು, ಈ ತಿಂಗಳು ನನ್ನದು ಏನೂ ಇಲ್ಲ ಎಂದು ಕೂತೆ. ಎಸ್ತೇರಮ್ಮ ಪಾಪ ಅನ್ನುವಂತೆ ನನ್ನತ್ತ ನೋಡಿದಳು. ಆ ನೋಟ ನನಗೆ ಗೊತ್ತು. ನಾಳೆ ಬೆಳಿಗ್ಗೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಸಮಾಧಾನ ಹೇಳುತ್ತಾಳೆ. ಬರುವ ತಿಂಗಳ ಸಾಕ್ಷಿಯೂ ಅವಳಿಗೇ ಹೋಯಿತು.