ಮೈಲುತುತ್ತದ ಡಬ್ಬಿಯೊಳಗಿನ ಉಯಿಲು

ಹೆಂಡತಿ ನಡುವೆ ಬಾಯಿ ಹಾಕದ ಹಾಗೆ ಗಂಡನಾದವನು ತನ್ನ ಮಾತನ್ನು ಪೂರ್ತಿ ಹೇಳಿ ಮುಗಿಸಬೇಕೆಂದರೆ ಈ ಭೂಮಂಡಲದಲ್ಲಿ ಇರುವುದು ಒಂದೇ ಉಪಾಯ. ಉಯಿಲು ಬರೆದಿಟ್ಟು ಸಾಯುವುದು. ವನಗೂರಿನ ಲಕ್ಕಯ್ಯನವರಿಗೆ ಈ ಜ್ಞಾನೋದಯವಾದದ್ದು ಅರವತ್ತಮೂರನೆಯ ವಯಸ್ಸಿನಲ್ಲಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಶುರು ಮಾಡಿದ ಯಾವ ಮಾತನ್ನೂ ಅವರೇ ಮುಗಿಸಿದ್ದಿಲ್ಲ. ಮುಗಿಸುವ ಜವಾಬ್ದಾರಿಯನ್ನು ಶ್ರೀಮತಿ ವಿಶಾಲಮ್ಮನವರು ಮದುವೆಯ ಮಾರನೆಯ ದಿನವೇ ವಹಿಸಿಕೊಂಡಿದ್ದರು. ಉಯಿಲಾದರೆ ಹಾಗಲ್ಲ. ಅದನ್ನು ಓದುವ ಹೊತ್ತಿಗೆ ಹೇಳಿದವನು ಕೈಗೆ ಸಿಗುವುದಿಲ್ಲ.

ವಿಷಯ ಸಣ್ಣದಾಗಿರಲಿಲ್ಲ. ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಎರಡನೇ ಇಸವಿಯಲ್ಲಿ, ಲಕ್ಕಯ್ಯನವರ ಅಕ್ಕ ನಂಜಮ್ಮ ಕ್ಯಾನ್ಸರಿನಿಂದ ತೀರಿಹೋಗಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ನಿಂತವರು. ದೊಡ್ಡಾಸ್ಪತ್ರೆಯವರು ‘ಇನ್ನು ನಮ್ಮ ಕೈಯಲ್ಲಿಲ್ಲ’ ಎಂದ ಮೇಲೆ ಅವರನ್ನು ಹಾಸನದ ಹೊರಗಿರುವ ‘ನೆರಳು’ ಎಂಬ ಮನೆಗೆ ಸೇರಿಸಿದ್ದರು. ಅಲ್ಲಿರುವುದು ಎಂಟೇ ಮಂಚ. ರೋಗ ವಾಸಿ ಮಾಡುತ್ತೇವೆಂದು ಅಲ್ಲಿ ಯಾರೂ ಹೇಳುವುದಿಲ್ಲ; ನೋವು ತಗ್ಗಿಸುತ್ತಾರೆ, ಮೈ ಒರೆಸುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ, ಒಂದು ಕಾಸೂ ಕೇಳುವುದಿಲ್ಲ. ಮೊದಲ ದಿನವೇ ಅಲ್ಲಿಯ ಮೇಲ್ವಿಚಾರಕಿ ಮೀನಾಕ್ಷಮ್ಮ, ‘ನಿಮ್ಮ ಅಕ್ಕನಿಗೆ ಕಾಫಿ ಹೇಗಿರಬೇಕು’ ಎಂದು ಕೇಳಿದರು. ತಲೆತಲಾಂತರದಿಂದ ಕಾಫಿ ಬೆಳೆಯುವ ಲಕ್ಕಯ್ಯನವರಿಗೆ ಗೊತ್ತಿರಲಿಲ್ಲ. ‘ಬೆಲ್ಲದ್ದು, ಹಾಲು ಬ್ಯಾಡ’ ಎಂದು ನಂಜಮ್ಮನೇ ಮಂಚದಿಂದ ಹೇಳಿದರು. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದ ಅಕ್ಕ. ಆವತ್ತು ಲಕ್ಕಯ್ಯನವರು ಜೀಪಿನ ಹಿಂದೆ ನಿಂತು ಅತ್ತರು. ಅಕ್ಕ ತೀರಿದ ದಿನ ಮೀನಾಕ್ಷಮ್ಮನವರ ಎದುರು, ಕಲ್ಲುಕಟ್ಟೆ ತೋಟದ ಎರಡು ಎಕರೆಯನ್ನು ತಮ್ಮ ಕಾಲಾನಂತರ ‘ನೆರಳಿ’ಗೆ ಬರೆದಿಡುವುದಾಗಿ ಮಾತು ಕೊಟ್ಟುಬಿಟ್ಟರು.

ಕೊಟ್ಟ ಮೇಲೆ ಹೆಂಡತಿಯ ನೆನಪಾಗಿ ಹೆದರಿದರು. ಯಾಕೆಂದರೆ ನಂಜಮ್ಮನಿಗೂ ವಿಶಾಲಮ್ಮನಿಗೂ ಎಣ್ಣೆ ಸೀಗೆಕಾಯಿ. ಕಡುಬಿನ ಎಸರಿಗೆ ಉಪ್ಪು ಮೊದಲು ಹಾಕಬೇಕೋ ಆಮೇಲೆ ಹಾಕಬೇಕೋ ಎಂಬ ಒಂದೇ ಪ್ರಶ್ನೆಯ ಮೇಲೆ ಇಬ್ಬರೂ ಮೂವತ್ತು ವರ್ಷ ಯುದ್ಧ ಮಾಡಿದ್ದರು. (ಎರಡೂ ಬಗೆಯ ಕಡುಬು ತಿಂದ ಲಕ್ಕಯ್ಯನವರಿಗೆ ವ್ಯತ್ಯಾಸ ಇವತ್ತಿಗೂ ತಿಳಿದಿಲ್ಲ. ತಿಳಿದಿದ್ದರೂ ಹೇಳುವಷ್ಟು ಹುಚ್ಚರಲ್ಲ.) ಅಂಥ ನಂಜಮ್ಮನ ನೆನಪಿಗೆ, ಮನೆಯ ಒಳ್ಳೆಯ ತೋಟವನ್ನು, ತಾಳಿ ಕಟ್ಟಿಸಿಕೊಂಡವಳನ್ನು ಕೇಳದೆ! ಉಳಿದ ಹತ್ತು ಎಕರೆ ಹೇಗೂ ಆಲೂರಿಗೆ ಕೊಟ್ಟ ಮಗಳಿಗೇ ಎಂಬ ಸಮಾಧಾನವನ್ನು ವಿಶಾಲಮ್ಮ ಕಿವಿಗೆ ಹಾಕಿಕೊಳ್ಳುವವರಲ್ಲ. ಗೊತ್ತಾದರೆ ಬರೆದವನು ಅವಧಿಗೆ ಮುಂಚೆಯೇ ಮುಗಿದು, ಉಯಿಲು ಅಂದೇ ಜಾರಿಗೆ ಬರುವ ಸಂಭವವಿತ್ತು.

ಆದ್ದರಿಂದ ಲಕ್ಕಯ್ಯನವರು ಕರಡನ್ನು ತೋಟದ ಸಾಮಾನಿಡುವ ಸ್ಟೋರಿನಲ್ಲಿ ಕೂತು ಬರೆದರು. ಕೊನೆಗೆ ‘ದಾನಿಗಳು: ವನಗೂರು ಲಕ್ಕಯ್ಯನವರು ಎಂದು ಗೋಡೆಯ ಕಲ್ಲಿನಲ್ಲಿ ಕೆತ್ತಿಸತಕ್ಕದ್ದು’ ಎಂದು ಸೇರಿಸಿದರು. ವಿಶಾಲಮ್ಮ ಎಂದೂ ಕೈ ಹಾಕದ ಜಾಗ ಎಂದು ಯೋಚಿಸಿ, ಕಾಫಿ ಗಿಡಕ್ಕೆ ಔಷಧಿ ಹೊಡೆಯಲು ತಂದಿದ್ದ ನೀಲಿ ಮೈಲುತುತ್ತದ ಡಬ್ಬಿಯಲ್ಲಿ ಬಚ್ಚಿಟ್ಟರು. ಎಂಟು ದಿನ ಬಿಟ್ಟು ತೆಗೆದರೆ ಕಾಗದವೆಲ್ಲ ನವಿಲಿನ ಬಣ್ಣ. ಅಕ್ಷರ ಮಾತ್ರ ಓದುವಂತಿತ್ತು.

ಶುಕ್ರವಾರ ಬೆಳಿಗ್ಗೆ ಅದನ್ನು ಬನಿಯನ್ನಿನೊಳಗೆ ಸೇರಿಸಿಕೊಂಡು, ಪೇಟೆಗೆ ಹೋಗಿ ಬರುತ್ತೇನೆಂದು ಹೊರಟರು.

‘ನಾನೂ ಬತ್ತೀನಿ’ ಎಂದರು ವಿಶಾಲಮ್ಮ. ಆಗಲೇ ಸೀರೆ ಬದಲಾಯಿಸಿ ನಿಂತಿದ್ದರು.

‘ನಿಂಗೆಂತ ಕೆಲ್ಸ ಅಲ್ಲಿ?’

‘ಟೈಲರ್ ಹತ್ರ ರವಿಕೆ ಐತೆ. ನಿಮಗೆಂತ ಕೆಲ್ಸ?’

‘ಮೈಲುತುತ್ತ ತರಬೇಕು.’

‘ಒಂದು ಡಬ್ಬಿ ತುಂಬಾ ಐತಲ್ರೀ.’

ಲಕ್ಕಯ್ಯನವರು ಬನಿಯನ್ನಿನ ಮೇಲೆ ಅಂಗೈ ಒತ್ತಿಕೊಂಡರು. ಡಬ್ಬಿ ತುಂಬಾ ಇದೆ ಎಂದು ಇವಳಿಗೆ ಹೇಗೆ ಗೊತ್ತು? ಮುಚ್ಚಳ ತೆಗೆದಿದ್ದಳೇ? ಕೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಬಾಡಿಗೆ ಜೀಪು ನಸ್ರುಲ್ಲಾನದು. ಉಯಿಲಿಗೆ ಸಾಕ್ಷಿ ಹಾಕಲು ಲಕ್ಕಯ್ಯನವರು ಅವನನ್ನು ಹಿಂದಿನ ದಿನವೇ ಆಣೆ ಹಾಕಿಸಿ ಒಪ್ಪಿಸಿದ್ದರು. ಅಮ್ಮಾವ್ರೂ ಹತ್ತಿದ್ದನ್ನು ನೋಡಿ ಅವನು ಒಮ್ಮೆ ಗೌಡರ ಮುಖ ನೋಡಿದ, ಒಮ್ಮೆ ಅಮ್ಮಾವ್ರ ಮುಖ ನೋಡಿದ, ಆಮೇಲೆ ಸಕಲೇಶಪುರದವರೆಗೂ ರಸ್ತೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ದಿನಾ ದಾರಿಯುದ್ದಕ್ಕೂ ಹರಟುವ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಲಕ್ಕಯ್ಯನವರಿಗೆ ಇನ್ನೂ ಭಯ ಹುಟ್ಟಿಸಿತು. ಪ್ರತಿ ತಿರುವಿನಲ್ಲೂ ಬನಿಯನ್ನಿನೊಳಗೆ ಕಾಗದ ಚರಕ್ ಎನ್ನುತ್ತಿತ್ತು.

‘ಎಂತದ್ರೀ ಅದು ಸದ್ದು?’

‘ಜೀಪು ಹಳೇದು ಕಣೇ.’

ಪೇಟೆಯಲ್ಲಿ ಇಳಿದದ್ದೇ ತಡ, ವಿಶಾಲಮ್ಮ ಟೈಲರ್ ಅಂಗಡಿಯ ಕಡೆ ತಿರುಗಿದರು. ಲಕ್ಕಯ್ಯನವರು ಔಷಧಿ ಅಂಗಡಿಯ ಕಡೆ ನಾಲ್ಕು ಹೆಜ್ಜೆ ನಟಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಪಕ್ಕದ ಓಣಿಗೆ ನುಗ್ಗಿದರು. ಅಲ್ಲಿ ದೇವೇಂದ್ರ ಎಂಬ ಪತ್ರ ಬರಹಗಾರ ಸಣ್ಣ ಕೋಣೆಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ.

‘ಬೇಗ ಬರ್ಕೊಡು ಮಾರಾಯ. ಅರ್ಧ ಗಂಟೆ ಐತೆ ಅಷ್ಟೇ’ ಎಂದು ನೀಲಿ ಕಾಗದವನ್ನೂ ಜಮೀನಿನ ಪಹಣಿಯನ್ನೂ ಮೇಜಿನ ಮೇಲಿಟ್ಟರು.

ದೇವೇಂದ್ರ ಕರಡು ಓದಿದ. ಪಹಣಿ ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ.

‘ಗೌಡ್ರೇ, ಈ ತೋಟನ ನೀವು ಹೆಂಗೆ ಕೊಡ್ತೀರಿ? ಇದು ನಿಮ್ದಲ್ವಲ್ಲ.’

‘ಯಾರಪ್ಪಂದು ಮತ್ತೆ?’

‘ನೋಡಿ ಇಲ್ಲಿ. ವಿಶಾಲಮ್ಮ, ಕೋಂ ಲಕ್ಕಯ್ಯ. ನಿಮ್ಮ ಮನೆಯವ್ರದ್ದು.’

ಲಕ್ಕಯ್ಯನವರು ಪಹಣಿಯನ್ನು ಕಸಿದುಕೊಂಡು ತಾವೇ ಓದಿದರು. ಹತ್ತೊಂಬತ್ತು ವರ್ಷದ ಹಿಂದೆ, ತೋಟವೆಲ್ಲ ಒಬ್ಬರ ಹೆಸರಲ್ಲೇ ಇದ್ದರೆ ಕೃಷಿ ಆದಾಯ ತೆರಿಗೆ ಜಾಸ್ತಿ ಬೀಳುತ್ತದೆಂದು, ಆ ಸೀಮೆಯ ತೋಟಗಾರರೆಲ್ಲ ಮನೆಯ ನಾಯಿಯೊಂದನ್ನು ಬಿಟ್ಟು ಮಿಕ್ಕವರ ಹೆಸರಿಗೆಲ್ಲ ಜಮೀನನ್ನು ಕಾಗದದ ಮೇಲೆ ಹಂಚಿದ್ದರು. ಲಕ್ಕಯ್ಯನವರೂ ಹಂಚಿದ್ದರು. ‘ಹೆಸರಿಗಷ್ಟೇ ಕಣೇ, ಇಲ್ಲೊಂದು ಸಹಿ ಹಾಕು’ ಎಂದಿದ್ದರು. ಆಮೇಲೆ ಮರೆತೇಬಿಟ್ಟಿದ್ದರು. ಗೊಬ್ಬರ ಹಾಕಿಸಿದವರು ತಾವು, ನೆರಳಿನ ಮರಗಳ ಕೊಂಬೆ ಕಡಿಸಿದವರು ತಾವು, ಕಂದಾಯ ಕಟ್ಟಿದವರು ತಾವು. ರಶೀದಿಯಲ್ಲಿ ಯಾರ ಹೆಸರಿದೆ ಎಂದು ಒಂದು ದಿನವೂ ಓದಿರಲಿಲ್ಲ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆಯನ್ನು ಅವರು ಒಂದು ಹೆಜ್ಜೆ ಮುಂದಕ್ಕೇ ಒಯ್ದಿದ್ದರು.

‘ಈಗೆಂತ ಮಾಡೋದು? ಮಾತು ಕೊಟ್ಟಿದೀನಿ ಕಣೋ. ಅಲ್ಲಿ ಹೋಗಿ ಯಾವ ಮುಖ ತೋರಿಸ್ಲಿ?’ ಅವರು ನೀಲಿ ಕಾಗದವನ್ನು ಮತ್ತೆ ಅವನ ಕಡೆ ತಳ್ಳಿದರು. ‘ಇವಳ ಕೇಳಿದ್ರೆ ಮುಗ್ದೇಹೋಯ್ತು. ನಮ್ಮಕ್ಕನ ಹೆಸ್ರು ಎತ್ತಿದ್ರೆ ಸಾಕು—’

‘ಎತ್ತಿದ್ರೆ ಎಂತ ಆಗ್ತದೆ?’

ಬಾಗಿಲಲ್ಲಿ ವಿಶಾಲಮ್ಮ ನಿಂತಿದ್ದರು. ಹಿಂದೆ ನಸ್ರುಲ್ಲಾ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ.

ವಿಶಾಲಮ್ಮ ಒಳಗೆ ಬಂದು ಮೇಜಿನ ಮೇಲಿದ್ದ ನೀಲಿ ಕಾಗದವನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು. ಲಕ್ಕಯ್ಯನವರು ಗೋಡೆಗೆ ಒರಗಿ, ಮಾತು ಎಲ್ಲಿಂದ ಶುರುವಾಗಬಹುದು ಎಂದು ಲೆಕ್ಕ ಹಾಕುತ್ತಿದ್ದರು. ತವರಿನಿಂದಲೋ, ಒಡವೆಯಿಂದಲೋ, ಕಡುಬಿನಿಂದಲೋ. ವಿಶಾಲಮ್ಮ ಕಾಗದ ಮಡಚಿ ಕೆಳಗಿಟ್ಟು ದೇವೇಂದ್ರನ ಕಡೆ ತಿರುಗಿದರು.

‘ನಂದು ಟೈಪ್ ಆಯ್ತೇನಪ್ಪಾ?’

‘ಆಗೈತೆ ಅಮ್ಮಾವ್ರೇ. ಸಹಿ ಒಂದೇ ಬಾಕಿ’ ಎಂದು ದೇವೇಂದ್ರ ಖಾನೆಯಿಂದ ಅಚ್ಚುಕಟ್ಟಾದ ಬಿಳಿ ಕಾಗದ ತೆಗೆದ. ಅದೇ ತೋಟ. ಅದೇ ಎರಡು ಎಕರೆ. ಅದೇ ‘ನೆರಳು’. ದಿವಂಗತ ನಂಜಮ್ಮನವರ ನೆನಪಿಗಾಗಿ.

ಲಕ್ಕಯ್ಯನವರು ಎರಡು ಸಲ ಓದಿದರು. ‘ಯಾವಾಗಿಂದ ನಡೀತೈತೆ ಇದು?’

‘ಒಂದು ತಿಂಗ್ಳಾತು.’

‘ನಂಗೊಂದು ಮಾತು ಹೇಳ್ಬಾರ್ದಾ?’

‘ಹೇಳಿದ್ರೆ ನೀವು ಬುಡ್ತಿದ್ರಾ? ಯಾರಿಗಾದ್ರೂ ಒಂದು ಬಾಳೆಗೊನೆ ಕೊಡಕ್ಕೆ ಮೂರು ದಿನ ಯೋಚ್ನೆ ಮಾಡೋರು.’

ಇಷ್ಟು ವರ್ಷ ಮನೆಯ ಜಿಪುಣಿ ಯಾರೆಂಬ ಬಗ್ಗೆ ಲಕ್ಕಯ್ಯನವರಿಗೆ ಅನುಮಾನವೇ ಇರಲಿಲ್ಲ. ಆ ಪಟ್ಟ ತಮ್ಮ ತಲೆಯ ಮೇಲೇ ಇತ್ತೆಂದು ಈಗ ತಿಳಿಯಿತು. ನಸ್ರುಲ್ಲಾನ ಕಡೆ ಕಣ್ಣು ಕೆಕ್ಕರಿಸಿದರು.

‘ನಾನೆಂತ ಮಾಡ್ಲಿ ಗೌಡ್ರೇ’ ಎಂದ ಅವನು. ‘ಬುಧವಾರ ಅಮ್ಮಾವ್ರು ಆಣೆ ಹಾಕಿಸ್ಕಂಡ್ರು. ಗುರುವಾರ ನೀವು ಹಾಕಿಸ್ಕಂಡ್ರಿ.’

‘ಆದ್ರೂ ನಮ್ಮಕ್ಕನಿಗೆ, ನೀನು...’ ಲಕ್ಕಯ್ಯನವರಿಗೆ ಮಾತು ಮುಗಿಸಲಾಗಲಿಲ್ಲ. ಎಂದಿನಂತೆ ವಿಶಾಲಮ್ಮನೇ ಮುಗಿಸಿದರು.

‘ಆಲೂರಿಗೆ ಮಗಳ ಮನೆಗೆ ಅಂತ ಹೋಗ್ತಿದ್ನಲ್ಲ, ಆಗ ಆಲೂರಲ್ಲಿ ಇಳೀತಿರ್ಲಿಲ್ಲ. ಅದೇ ಬಸ್ಸಲ್ಲಿ ಸೀದಾ ಹಾಸನಕ್ಕೆ ಹೋಗ್ತಿದ್ದೆ. ಅಲ್ಲಿ ಎಲ್ರೂ ಒಳ್ಳೇರು ಕಣ್ರೀ. ನಿಮ್ಮಕ್ಕಂಗೆ ಜಗಳಾಡಕ್ಕೆ ಒಬ್ರೂ ಇರ್ಲಿಲ್ಲ. ಪಾಪ, ನಾನು ಹೋದ್ರೆ ಎದ್ದು ಕೂತ್ಕತಿದ್ರು.’ ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ‘ಕೊನೇ ಸಲ ಹೋದಾಗ ಕೈ ಹಿಡ್ಕಂಡು, ಉಪ್ಪು ಮೊದ್ಲೇ ಹಾಕು ಅಂದ್ರು. ಆಯ್ತು ಅಂದ್ಬುಟ್ಟೆ.’

ಲಕ್ಕಯ್ಯನವರಿಗೆ ಹೆಂಡತಿಯ ಮೇಲೆ ಅದೆಷ್ಟೋ ವರ್ಷದ ನಂತರ ಬಹಳ ಪ್ರೀತಿ ಉಕ್ಕಿತು. ಆ ಧೈರ್ಯದ ಮೇಲೆ ಮೆಲ್ಲಗೆ ಕೇಳಿದರು. ‘ಕಲ್ಲಲ್ಲಿ ಹೆಸ್ರು ಕೆತ್ತಿಸೋದು ಒಂದು ಬರ್ಸಿಲ್ವಲ್ಲೇ ನೀನು?’

‘ಎಂತಕ್ಕೆ? ಸಾಯಕ್ಕೆ ಮಲಗಿರೋರು ಕಣ್ಣು ಬಿಟ್ಟಾಗೆಲ್ಲ ಗೋಡೆ ಮೇಲೆ ನಿಮ್ಮ ಹೆಸ್ರು ಓದ್ಬೇಕಾ?’

ವಿಶಾಲಮ್ಮ ಸಹಿ ಹಾಕಿದರು. ನಸ್ರುಲ್ಲಾ ಮೊದಲ ಸಾಕ್ಷಿಯಾಗಿ ಹಾಕಿದ. ಎರಡನೆಯ ಸಾಕ್ಷಿಗೆಂದು ಒಪ್ಪಿದ್ದ ಟೈಲರ್ ಜ್ವರ ಬಂದು ಮಲಗಿದ್ದಾನೆಂದು, ಅವನ ಅಂಗಡಿಗೆ ಹೋಗಿ ಬಂದಿದ್ದ ವಿಶಾಲಮ್ಮ ಹೇಳಿದರು.

‘ಅದಕ್ಕೇನಂತೆ, ನಾನಿಲ್ವಾ?’ ಲಕ್ಕಯ್ಯನವರು ಪೆನ್ನಿಗೆ ಕೈ ಚಾಚಿದರು. ದಾನಿಯಾಗಿ ಅಲ್ಲದಿದ್ದರೆ ಸಾಕ್ಷಿಯಾಗಿಯಾದರೂ ಕಾಗದದಲ್ಲಿ ಒಂದು ಜಾಗ ಸಿಕ್ಕಿತಲ್ಲ ಎಂದು ಅವರ ಮುಖ ಅರಳಿತ್ತು.

ದೇವೇಂದ್ರ ಕಾಗದವನ್ನು ಹಿಂದಕ್ಕೆ ಎಳೆದುಕೊಂಡ. ‘ಒಂದ್ನಿಮಿಷ ಗೌಡ್ರೇ. ಉಯಿಲಲ್ಲಿ ಏನಾದ್ರೂ ಪಾಲು ಸಿಗೋರು ಸಾಕ್ಷಿ ಹಾಕಂಗಿಲ್ಲ. ಗಂಡನಿಗೆ ಅಂತ ಏನಾದ್ರೂ ಬರ್ಸಿದೀರೇನೋ ಅಮ್ಮಾವ್ರೇ, ಇನ್ನೊಂದ್ಸಲ ನೋಡ್ಬುಡ್ತೀನಿ.’

‘ನೋಡಾದು ಎಂತಕ್ಕಪ್ಪಾ’ ಎಂದರು ವಿಶಾಲಮ್ಮ, ಕಾಗದವನ್ನು ಗಂಡನ ಕಡೆ ಸರಿಸಿ ಬೆರಳಿಟ್ಟು ಜಾಗ ತೋರಿಸುತ್ತ. ‘ಧಾರಾಳವಾಗಿ ಹಾಕ್ಲಿ. ಅವರಿಗೆ ನಾನು ಏನೂ ಬರ್ಸಿಲ್ಲ.’

ಲಕ್ಕಯ್ಯನವರು ಕನ್ನಡಕ ಏರಿಸಿಕೊಂಡು, ಆಕೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.