ಅತ್ತೆಯ ಚಿತ್ತಾರಕ್ಕೆ ನನ್ನ ಚಿಕಿತ್ಸೆ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಒಂದು ಹಾಳೆ ಕಾಗದವನ್ನು ಕಾಪಾಡಲಾರೆನೇ? ಹೀಗೆಂದು ಎದೆಯುಬ್ಬಿಸಿ ನಿಂತದ್ದೇ ಕೋಲಸಿರ್ಸಿಯ ನಮ್ಮ ಮನೆಗೆ ಬಂದ ಗ್ರಹಚಾರ!

ಅದು ಅಂತಿಂಥ ಹಾಳೆಯಲ್ಲ. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಬೇಕು, ಮದುಮಕ್ಕಳು ಅದರ ಮುಂದೆ ಕೂರಬೇಕು. ನನ್ನ ಅತ್ತೆ ದೇವಮ್ಮ ಎಷ್ಟೋ ಮನೆಗಳಿಗೆ ಬರೆದವರು. ಗೋಡೆ ಸಾರಿಸಿ ಸಾರಿಸಿ ಅವೆಲ್ಲ ಅಳಿಸಿಹೋದವು. ತೀರಿಕೊಳ್ಳುವ ಮುಂಚೆ ಡ್ರಾಯಿಂಗ್ ಶೀಟಿನ ಮೇಲೆ ಬರೆದುಕೊಟ್ಟದ್ದು ಮಾತ್ರ ಉಳಿದಿತ್ತು. ಮಗಳು ಅನುಶ್ರೀಯ ಮದುವೆಗೆ ಎಂಟೇ ದಿನ. ಹೆಂಡತಿ ತನುಜಾ ಅದನ್ನೇ ನೋಡಿ ಗೋಡೆಗೆ ಬರೆಯುವವಳಿದ್ದಳು.

"ಅಂಚೆಲ್ಲ ಕಂದೈತೆ, ಬಣ್ಣ ಉದುರ್ತೈತೆ. ನೀವು ಮಾತ್ರ ಮುಟ್ಬೇಡಿ ಮಾರಾಯ್ರೆ!" ಎಂದು ಹೇಳಿ ಅವಳು ಬಳೆ ತರಲು ಸಿದ್ದಾಪುರಕ್ಕೆ ಹೋದಳು.

ಮುಟ್ಬೇಡಿ! ನನಗೆ! ತಕ್ಷಣ ಫೋನಿನಲ್ಲಿ ವಿಡಿಯೊ ಹಾಕಿದೆ. ಹಳೆಯ ಕಾಗದದಲ್ಲಿ ಆಮ್ಲ ಇರುತ್ತದೆ, ಕ್ಷಾರದಿಂದ ಅದನ್ನು ಅಡಗಿಸಬೇಕು ಎಂದ ಒಬ್ಬ ಪಂಡಿತ. "ಮೊದಲು ಮೂಲೆಯಲ್ಲಿ ಬಣ್ಣ ಪರೀಕ್ಷೆ ಮಾಡಿ" ಎಂದು ಕೊರೆಯತೊಡಗಿದ. ಆ ಭಾಗವನ್ನು ಓಡಿಸಿದೆ. ಎಲೆ-ಅಡಿಕೆಯ ತಟ್ಟೆಯಲ್ಲಿದ್ದ ಸುಣ್ಣವನ್ನು ನೀರಿಗೆ ಕದಡಿ, ತಿಳಿ ತೆಗೆದು, ಹತ್ತಿಯಲ್ಲಿ ಅದ್ದಿ ಹಾಳೆಗೆಲ್ಲ ಒತ್ತಿದೆ.

ಅತ್ತೆ ಹಳದಿಗೆ ಬಳಸಿದ್ದು ಅರಿಶಿನ. ಅರಿಶಿನಕ್ಕೆ ಸುಣ್ಣ ತಾಗಿಸಿ, ಕೆಂಪು ಮಾಡಿ ತೋರಿಸಿ, ವರ್ಷವರ್ಷವೂ ಮಕ್ಕಳ ಚಪ್ಪಾಳೆ ಗಿಟ್ಟಿಸಿದ ಮಹಾನುಭಾವ ನಾನೇ! ಹಳದಿ ಎಳೆಗಳೆಲ್ಲ ಕಣ್ಣೆದುರೇ ಕೆಂಪಾದವು.

"ಅಪ್ಪಾ, ಎಂತ ಮಾಡ್ದೆ?" ಅನುಶ್ರೀ ಕಿರುಚಿದಳು.

"ಗಾಬರಿ ಬೇಡ. ಒಂದು ಲಿಂಬೆಹಣ್ಣು ತಾ!"

ಲಿಂಬೆರಸ ಚಿಮುಕಿಸಿದೆ. ಹಳದಿ ಮರಳಿ ಬಂತು! ವಿಜ್ಞಾನಕ್ಕೆ ಜಯವಾಗಲಿ ಎನ್ನುವಷ್ಟರಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ನೆಂದು ಗಂಜಿಯಾದವು. ಹಿನ್ನೆಲೆಗೆ ಬಳಿದಿದ್ದ ಕೆಮ್ಮಣ್ಣು ಆ ಗಂಜಿಗೆ ಹರಿಯಿತು. ಬೇಗ ಒಣಗಿಸೋಣವೆಂದು ಮೇಲೆ ದಿನಪತ್ರಿಕೆ ಹಾಸಿ ಇಸ್ತ್ರಿ ಒತ್ತಿದೆ. ಬಿಸಿಗೆ ಅಕ್ಕಿಹಿಟ್ಟು ಅಪ್ಪಟ ಅಂಟಾಯಿತು! ಪತ್ರಿಕೆ ಎಳೆದರೆ ಚಿತ್ತಾರವೂ ಅದರ ಜೊತೆಗೇ ಕಿತ್ತು ಬಂತು. ಶೀಟಿನ ಮೇಲೆ ಯಾರದೋ ಶ್ರದ್ಧಾಂಜಲಿಯ ಅರ್ಧ ಮುಖ ಅಂಟಿಕೊಂಡಿತ್ತು.

ತನುಜಾ ಬಂದಳು. ನೋಡಿದಳು. ಬಳೆಯ ಚೀಲ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವ್ವನ ಕೈ ಇದ್ದಿದ್ದು ಇದೊಂದ್ರಾಗೆ" ಎಂದಳು, ಅಷ್ಟೇ.

"ಫೋಟೊ ಆದ್ರೂ ತೆಗ್ದಿದ್ಯನಾ ಅಪ್ಪ?" ಅನುಶ್ರೀ ಕೇಳಿದಳು.

"ತೆಗೆದಿದ್ದೇನೆ! ಸುಣ್ಣ ಹಚ್ಚುವ ಮುಂಚೆಯೇ!" ಹೋದ ಜೀವ ಬಂದಂತಾಗಿ ಫೋನ್ ಕೊಟ್ಟೆ.

ಸೆಲ್ಫಿ. ಗೋಡೆಗೆ ಒರಗಿಸಿದ ಶೀಟು, ಅದರ ಮುಂದೆ ನಾನು. ಸುತ್ತಲಿನ ಅಂಚು ಎಳೆಎಳೆಯಾಗಿ ಸ್ಪಷ್ಟ. ನಟ್ಟನಡುವೆ, ಅತ್ತೆ ಯಾರಿಗೂ ಕಲಿಸದೆ ಹೋದ ಎಳೆಗಳ ಹೆಣಿಗೆಯ ಜಾಗದಲ್ಲಿ, ಹಲ್ಲು ಕಿರಿದ ನನ್ನ ಮುಖ!

ತನುಜಾ ಅದನ್ನೇ ನೋಡಿ ಗೋಡೆಗೆ ಬರೆದಳು. ನಡುವೆ ಮಾತ್ರ ಬಿಟ್ಟಳು. "ಏನಾದರೂ ತುಂಬಿಸೇ" ಎಂದು ಅಂಗಲಾಚಿದೆ.

"ಗೊತ್ತಿಲ್ದಿದ್ದನ್ನ ಅವ್ವನ ಹೆಸ್ರಲ್ಲಿ ಬರಿಯೂದಿಲ್ಲ."

ಮದುವೆಯ ದಿನ ಮದುಮಕ್ಕಳು ಅದರ ಮುಂದೆ ಕೂತರು. ತುಂಬಿದ ಚಪ್ಪರದಲ್ಲಿ ಬೀಗತಿ ಕೇಳಿಯೇಬಿಟ್ಟರು: "ಚಿತ್ತಾರ ಲಾಯ್ಕಾಗೈತೆ. ನಡುವೆ ಎಂತಕ್ಕೆ ಖಾಲಿ ಬಿಟ್ಟೀರಿ?"

ಪಾನಕ ಕೊಡುತ್ತಿದ್ದ ತನುಜಾ ನನ್ನತ್ತ ತಿರುಗಿಯೂ ನೋಡಲಿಲ್ಲ.

"ಅದಾ? ಅದು ನಮ್ಮನೆ ಮೇಷ್ಟ್ರ ತಲೆ."