ವೆಲ್ಷರಿಗೂ ಬಲ, ಪಿಕ್ಟರಿಗೂ ಬಲ

ಶುಕ್ರವಾರ ಬೆಳಿಗ್ಗೆ ಹೇಮಶ್ರೀ ವೆಲ್ಷರ ಕಡೆಯಿಂದ ಆಡಿ ಸೋತಳು. ಬಸವಂತನ ಕಷ್ಟ ಶುರುವಾದದ್ದೇ ಅಲ್ಲಿಂದ.

ಜೆ.ಪಿ. ನಗರದ ಆ ಪುಟ್ಟ ಕಂಪನಿ ತಯಾರಿಸುತ್ತಿದ್ದದ್ದು ಸಾವಿರದ ಇನ್ನೂರು ವರ್ಷ ಹಿಂದಿನ ಬ್ರಿಟನ್ನಿನ ಯುದ್ಧದ ಕಂಪ್ಯೂಟರ್ ಆಟ. ವೆಲ್ಷರು, ಪಿಕ್ಟರು, ಸ್ಯಾಕ್ಸನ್ನರು ಎಂದು ಮೂರು ಜನಾಂಗ. ಯಾರನ್ನು ಆರಿಸಿಕೊಂಡರೂ ಗೆಲ್ಲುವ ಅವಕಾಶ ಒಂದೇ ಸಮ ಇರುವಂತೆ ಬಲದ ಅಂಕಿಗಳನ್ನು ತೂಗಿಸುವುದು ಬಸವಂತನ ಕೆಲಸ. ಆಡಿ ನೋಡುವ ಮೂವರೂ ಸರಿಯಿದೆ ಎಂದು ಸಹಿ ಹಾಕಿದರೆ ಅವನಿಗೆ ರಜೆ. ಗದಗಿನ ಬಸ್ಸು ಸಂಜೆ ಆರೂವರೆಗೆ. ನಾಳೆ ಹೆಂಡತಿ ರಾಜಶ್ರೀಯ ಕುಬಸ. ಚೊಚ್ಚಲ ಬಸುರಿ ಹಸಿರು ಸೀರೆ ಉಟ್ಟು ಕೂತಾಗ ಪಕ್ಕದಲ್ಲಿ ಗಂಡನಿಲ್ಲದಿದ್ದರೆ ಮುಂದಿನ ಮೂವತ್ತು ವರ್ಷ ಅದೇ ಮಾತು ಕೇಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮೂವರಿಗೂ ಒಂದೊಂದು ಜನಾಂಗದ ಮೇಲೆ ಮೋಹ. ವೆಲ್ಷರ ಗುಡ್ಡಗಳ ಚಿತ್ರ ಬರೆದವಳೇ ಹೇಮಶ್ರೀ, ಹಾಗಾಗಿ ಅವಳು ವೆಲ್ಷರ ಪಕ್ಷ. ಪ್ರೋಗ್ರಾಮರ್ ಸಿದ್ದರಾಜು ಮೈಗೆ ಬಣ್ಣ ಬಳಿದುಕೊಂಡು ಬರುವ ಪಿಕ್ಟರ ಅಭಿಮಾನಿ. ಆಫೀಸಿನ ಆಡಳಿತ ನೋಡಿಕೊಳ್ಳುವ ಹಿರಿಯ ಗುರುಬಸಪ್ಪನವರು ಒಮ್ಮೆ ಸ್ಯಾಕ್ಸನ್ನರಾಗಿ ಗೆದ್ದ ಮೇಲೆ ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟಿದ್ದರು.

ಹೇಮಶ್ರೀಗಾಗಿ ಬಸವಂತ ವೆಲ್ಷ್ ಬಿಲ್ಲುಗಾರರ ಬಲ ಕೊಂಚ ಏರಿಸಿದ. ಹನ್ನೊಂದಕ್ಕೆ ಸಿದ್ದರಾಜು ಸೋತ. ಬಸವಂತ ಪಿಕ್ಟರ ಈಟಿಗಳನ್ನು ಉದ್ದ ಮಾಡಿದ. ಒಂದು ಗಂಟೆಗೆ ಗುರುಬಸಪ್ಪನವರ ಕೋಟೆ ಬಿತ್ತು. ಅವರು ಊಟಕ್ಕೂ ಏಳದೆ, ಈ ಆಫೀಸಿನಲ್ಲಿ ಹಿರಿಯರಿಗೆ ಮರ್ಯಾದೆಯೇ ಇಲ್ಲವೆಂದು ಕೊರಗಿದರು. ಬಸವಂತನಿಗೆ ಅಳುವುದೊಂದು ಬಾಕಿ.

ಎರಡು ಗಂಟೆಗೆ ಬೇಸತ್ತು ಎಲ್ಲ ಅಂಕಿಗಳನ್ನೂ ಬೆಳಿಗ್ಗೆ ಇದ್ದಂತೆಯೇ ಇಟ್ಟುಬಿಟ್ಟ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಬೇರೆಯವರಿಗೆ ಹೇಳಬೇಡಿ ಎಂದು ಕೇಳಿಕೊಂಡು ಅದೇ ಸುಳ್ಳನ್ನು ಮೂರು ಸಲ ಹೇಳಿದ.

"ನಿಮ್ಮವರಿಗೆ ಒಂದೀಟು ಬಲ ಜಾಸ್ತಿ ಮಾಡೇನ್ರಿ. ಈಗ ಆಡಿ ನೋಡ್ರಿ."

ಧೈರ್ಯ ಬಂದವರ ಆಟವೇ ಬೇರೆ. ಬೆಳಿಗ್ಗೆ ಗುಡ್ಡದ ಹಿಂದೆ ಅವಿತಿದ್ದ ಹೇಮಶ್ರೀಯ ವೆಲ್ಷರು ಈಗ ಸೇಲಿಗೆ ನುಗ್ಗುವವರಂತೆ ನುಗ್ಗಿದರು. ಸಿದ್ದರಾಜು ಹಿಂದೆ ಮುಂದೆ ನೋಡದೆ ಮುತ್ತಿಗೆ ಹಾಕಿದ. ಗುರುಬಸಪ್ಪನವರು ಕೋಟೆಯ ಬಾಗಿಲನ್ನೇ ತೆರೆದು ಹೊರಗೆ ಬಂದರು. ತಮ್ಮ ತಮ್ಮ ಕಂಪ್ಯೂಟರಿನೊಡನೆ ಆಡಿದ ಮೂವರೂ ನಾಲ್ಕೂವರೆಯೊಳಗೆ ಗೆದ್ದು, ಖುಷಿಯಿಂದ ಸಹಿ ಹಾಕಿದರು. ಬಸವಂತ ಬ್ಯಾಗು ಹೆಗಲಿಗೇರಿಸಿದ. ಮನಸ್ಸು ಆಗಲೇ ತುಮಕೂರು ದಾಟಿತ್ತು.

ಬಾಗಿಲಲ್ಲಿ ಮಾಲೀಕ ಶಿವಕಿರಣ್ ಸಿಕ್ಕಿದರು. ಯಾರಿಗೂ ಹೇಳಬಾರದ ಗುಟ್ಟನ್ನು ಮೂವರೂ ಅವರ ಹತ್ತಿರ ಹೇಳಿಕೊಂಡು ಬೀಗಿಯಾಗಿತ್ತು.

"ಮೂರು ಕಡೆಗೂ ಬಲ ಏರಿಸ್ಬಿಟ್ಟಿದ್ದೀಯಂತಲ್ಲ ಬಸವಂತ. ಆಟ ತುಂಬಾ ಸಲೀಸಾಗೋಯ್ತು. ಎಲ್ಲಾನೂ ಬೆಳಗ್ಗೆ ಇದ್ದಂಗೆ ಇಳಿಸು, ಅವ್ರು ಇನ್ನೊಂದ್ಸಲ ಆಡ್ಲಿ, ಆಮೇಲೆ ಊರಿಗೆ ಹೊರಡು. ಕಾಫಿ ತಗೊಂಡ್ ಬರ್ತೀನಿ. ನೀನು ಇಳಿಸೋದನ್ನ ಪಕ್ಕದಲ್ಲೇ ಕೂತು ನೋಡ್ತೀನಿ."

ಏನನ್ನೂ ಏರಿಸಿಲ್ಲ ಎಂದರೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ ಎಂದು ತಾನೇ ಒಪ್ಪಿಕೊಂಡಂತೆ. ಇನ್ನೊಂದು ಆಟಕ್ಕೆ ಎರಡು ಗಂಟೆ ಬೇಕು, ಬಸ್ಸು ಹೋದಂತೆಯೇ. ಬಸವಂತ ಬ್ಯಾಗು ಕೆಳಗಿಟ್ಟು ಕುರ್ಚಿಯಲ್ಲಿ ಕೂತ. ಕಾಫಿ ಬರುವುದರೊಳಗೆ ಮೂರೂ ಜನಾಂಗದ ಬಲವನ್ನು ಅವಸರ ಅವಸರವಾಗಿ ಏರಿಸತೊಡಗಿದ.